ಹದಿನಾಲ್ಕು ತಿರುವು, ಆರು ಲೀಟರ್ ಎಣ್ಣೆ

(ಉಡುಪಿಯಿಂದ ಹೆಬ್ರಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಗ್ಯಾರೇಜು. ಮಾತಾಡುವವರಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಮಾಷ್ಟ್ರು. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ. ಶಾರ್ಜಾದಲ್ಲಿ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿಚ್ಚಿ ಕೂಡಿಸುವ ಕೆಲಸ ಕಲಿತು ಊರಿಗೆ ಮರಳಿದವನು. ಕಾರಿನ ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ‘ಸದ್ಯ, ನಮ್ಮದು ಬೇರೆ ಕಂಪನಿ’ ಎಂದು ಓದುಗರು ಪುಟ ಮಗುಚಿಬಿಡುತ್ತಾರೆ.)

ಮಾಷ್ಟ್ರು: ಎಂತ ಮಾರಾಯ, ಉಳೀತದಾ?

ಮೆಕ್ಯಾನಿಕ್: ಮೊದಲು ಎಂತಾಯ್ತು ಅಂತ ಪೂರಾ ಹೇಳಿ ಮಾಷ್ಟ್ರೇ. ನಮ್ಮ ಹತ್ರ ಪ್ರಯೋಗದ ವರದಿ ಬರೆಸ್ತಿದ್ರಲ್ಲ, ಹಾಗೆ.

ಮಾಷ್ಟ್ರು: ಶೃಂಗೇರಿಗೆ ಹೊರಟದ್ದು. ಐದು ಜನ, ಡಿಕ್ಕಿ ತುಂಬ ಸಾಮಾನು. ಓಡಿಸ್ತಿದ್ದದ್ದು ನಮ್ಮ ಮನೆಯವಳು. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತುವಾಗ ಮುಂದೆ ಒಂದು ಟೆಂಪೋ ಟ್ರಾವೆಲರ್. ಅದು ಪ್ರತಿ ತಿರುವಿನಲ್ಲೂ ನಿಂತು ನಿಂತು ಹೋಗ್ತಿತ್ತು, ನಾವು ಅದರ ಬೆನ್ನಿಗೆ. ಅರ್ಧ ಘಾಟಿ ಸರಿ ಇತ್ತು. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬೊಬ್ಬೆ ಹೊಡೀತದೆ, ಕಾರು ಮಾತ್ರ ಮುಂದೆ ಹೋಗುದಿಲ್ಲ. ಒಂದು ಕರಟಿದ ವಾಸನೆ. ಇವಳು ಟೆಂಪೋದ ಬ್ರೇಕಿನದ್ದು ಅಂದುಕೊಂಡಳು.

ಮೆಕ್ಯಾನಿಕ್: ಟೆಂಪರೇಚರ್ ಮುಳ್ಳು?

ಮಾಷ್ಟ್ರು: ನಟ್ಟ ನಡುವೆ! ಅದಕ್ಕೇ ನಮಗೆ ಆಶ್ಚರ್ಯ.

ಮೆಕ್ಯಾನಿಕ್: ಅದು ಇಂಜಿನಿನ ಮುಳ್ಳು. ಗೇರ್ ಬಾಕ್ಸಿಗೆ ಮುಳ್ಳೇ ಇಲ್ಲ. ಮತ್ತೆ ಇಂಜಿನಿನ ಮುಳ್ಳೂ ಪೂರಾ ಸತ್ಯ ಹೇಳುದಿಲ್ಲ. ಈಗಿನ ಹೆಚ್ಚಿನ ಕಾರುಗಳಲ್ಲಿ ಬಿಸಿ ಹತ್ತು ಹದಿನೈದು ಡಿಗ್ರಿ ಹೆಚ್ಚುಕಡಿಮೆ ಆದ್ರೂ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಕಂಪನಿಯವರೇ ಮಾಡಿರ್ತಾರೆ. ಸ್ವಲ್ಪ ಅಲ್ಲಾಡಿದ್ರೆ ಗಿರಾಕಿ ಶೋರೂಮಿಗೆ ಓಡಿ ಬರ್ತಾನಲ್ಲ! ಇಳಿಸಿಕೊಂಡು ಬಂದದ್ದು ಹೇಗೆ? ಹಗ್ಗ ಕಟ್ಟಿ ಎಳೆದ್ರಾ?

ಮಾಷ್ಟ್ರು: ಹಗ್ಗ ಕಟ್ಟುವಾ ಅಂತ ಜೀಪಿನವನೊಬ್ಬ ಬಂದಿದ್ದ. ನಾನು ಬೇಡ ಅಂದೆ. ಲಾರಿಯ ಮೇಲೆ ಹಾಕಿಸಿದ್ದು.

ಮೆಕ್ಯಾನಿಕ್: ದೇವರು ದೊಡ್ಡವನು. ಗೇರ್ ಬಾಕ್ಸಿನ ಆಯಿಲ್ ಪಂಪ್ ತಿರುಗುದು ಇಂಜಿನ್ ತಿರುಗಿದ್ರೆ ಮಾತ್ರ. ಹಗ್ಗ ಕಟ್ಟಿ ಎಳೆದ್ರೆ ಮುಂದಿನ ಚಕ್ರ ತಿರುಗ್ತದೆ, ಒಳಗಿನ ಗೇರೂ ತಿರುಗ್ತದೆ, ಒಂದು ಹನಿ ಎಣ್ಣೆ ಹೋಗುದಿಲ್ಲ. ಘಾಟಿಯಲ್ಲಿ ಅರ್ಧ ಸತ್ತ ಗೇರ್ ಬಾಕ್ಸ್ ಇಲ್ಲಿಗೆ ಬರುವಾಗ ಪೂರಾ ಸತ್ತಿರ್ತದೆ. ಅಂಥದ್ದು ಎಷ್ಟು ನೋಡಿದ್ದೇನೆ.

(ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಗೇರನ್ನು ‘ಪಿ’ಯಲ್ಲಿಟ್ಟು ಅವನು ಬ್ಯಾಟರಿಯ ಕೆಳಗಿನಿಂದ ತೆಳ್ಳಗಿನ ಕಡ್ಡಿಯೊಂದನ್ನು ಎಳೆದ. ಅದರ ತುದಿಯನ್ನು ಹಳೆಯ ಪೇಪರಿನ ಖಾಲಿ ಅಂಚಿಗೆ ಒತ್ತಿದ.)

ಮೆಕ್ಯಾನಿಕ್: ನೋಡಿ. ಒಳ್ಳೆಯ ಎಟಿಎಫ್, ಅಂದ್ರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ, ಹೀಗಿರುದಿಲ್ಲ. ದಾಸವಾಳದ ಹಾಗೆ ಕೆಂಪಗೆ, ಕಾಗದದಲ್ಲಿ ಅಗಲಕ್ಕೆ ಹರಡ್ತದೆ. ಇದು ಹರಡುದೇ ಇಲ್ಲ. ನಡುವೆ ಕಪ್ಪು ಚುಕ್ಕೆ ನಿಂತಿದೆ, ಸುತ್ತ ಕಂದು ಉಂಗುರ. ಬೆರಳಿಗೆ ತೆಗೊಂಡು ಉಜ್ಜಿ, ನುಣ್ಣಗಿನ ಮಸಿ ಸಿಕ್ತದಲ್ಲ? ಅದು ಕ್ಲಚ್ ಪ್ಲೇಟಿನ ಲೈನಿಂಗ್. ಲೈನಿಂಗ್ ಎಂಥದ್ದು ಗೊತ್ತುಂಟಾ? ಕಾಗದದ್ದು. ನಾರಿನ ಕಾಗದವನ್ನು ರಾಳದಲ್ಲಿ ಅದ್ದಿ, ಸ್ಟೀಲ್ ಪ್ಲೇಟಿಗೆ ಅಂಟಿಸಿದ್ದು.

ಮಾಷ್ಟ್ರು: ಕಾಗದವಾ! ಅಷ್ಟು ಭಾರದ ಕಾರನ್ನು ಎಳೆಯುವುದು ಕಾಗದವಾ?

ಮೆಕ್ಯಾನಿಕ್: ಎಣ್ಣೆಯಲ್ಲಿ ಮುಳುಗಿದ ಕಾಗದ. ಎಣ್ಣೆ ಸರಿ ಇರುವವರೆಗೆ ಅದಕ್ಕೆ ಸಾವಿಲ್ಲ. ಬನ್ನಿ, ಬೆಂಚಿನ ಮೇಲೆ ಬೇರೆ ಕಾರಿನದ್ದು ಬಿಚ್ಚಿ ಇಟ್ಟದ್ದುಂಟು. ಈ ಸ್ಟೀಲ್ ಪ್ಲೇಟ್ ನೋಡಿ, ಬೆಳ್ಳಗಿರಬೇಕಾದದ್ದು ಅಲ್ಲಲ್ಲಿ ನೀಲಿಯಾಗಿದೆ. ಇನ್ನು ಈ ಲೈನಿಂಗಿನ ಪ್ಲೇಟಿಗೆ ಉಗುರು ಹಾಕಿ.

ಮಾಷ್ಟ್ರು: ಅಯ್ಯೋ, ಹಕ್ಕಳೆಯ ಹಾಗೆ ಏಳ್ತದೆ. ನೀಲಿ ಬಣ್ಣದ್ದು ನನಗೆ ಗೊತ್ತುಂಟು. ಉಕ್ಕು ಮುನ್ನೂರು ಡಿಗ್ರಿಯ ಆಸುಪಾಸಿಗೆ ಹೋದರೆ ಮೇಲೆ ಆಕ್ಸೈಡಿನ ಪದರ ಬಂದು ನೀಲಿ ಕಾಣ್ತದೆ. ಕಮ್ಮಾರರು ಬಣ್ಣ ನೋಡಿಯೇ ಹದ ಹೇಳ್ತಿದ್ದರು. ಆದರೆ ಆ ಬಿಸಿ ಬಂದದ್ದೆಲ್ಲಿಂದ? ಬೆಂಕಿ ಇರುವುದು ಇಂಜಿನಿನಲ್ಲಿ.

ಮೆಕ್ಯಾನಿಕ್: ಜಾರುವಿಕೆಯಿಂದ ಮಾಷ್ಟ್ರೇ. ಇಂಜಿನಿಗೂ ಗೇರಿಗೂ ನಡುವೆ ಗಟ್ಟಿ ಜೋಡಣೆ ಇಲ್ಲ, ಟಾರ್ಕ್ ಕನ್ವರ್ಟರ್ ಉಂಟು. ಎದುರುಬದುರು ಎರಡು ರೆಕ್ಕೆ ಚಕ್ರ, ನಡುವೆ ಎಣ್ಣೆ. ಇಂಜಿನ್ ಕಡೆಯದ್ದು ಎಣ್ಣೆ ಬೀಸ್ತದೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸ್ತದೆ. ಎರಡರ ವೇಗದಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟೂ ಬಿಸಿ. ಹೈವೇಯಲ್ಲಿ ತೊಂದರೆ ಇಲ್ಲ. ಒಳಗೊಂದು ಲಾಕ್ ಕ್ಲಚ್ ಉಂಟು, ಅದು ಎರಡನ್ನೂ ಕಚ್ಚಿ ಹಿಡೀತದೆ. ಘಾಟಿಯಲ್ಲಿ ಇಪ್ಪತ್ತು ಇಪ್ಪತ್ತೈದರ ವೇಗದಲ್ಲಿ ಹೋಗುವಾಗ ಅದು ಕಚ್ಚುದಿಲ್ಲ. ದಾರಿಯುದ್ದಕ್ಕೂ ಜಾರುದೇ.

ಮಾಷ್ಟ್ರು: ಈ ಕನ್ವರ್ಟರ್ ಫಟ್ಟಿಂಗರನದ್ದು. ಹರ್ಮನ್ ಫಟ್ಟಿಂಗರ್ ಅಂತ ಜರ್ಮನಿಯ ಇಂಜಿನಿಯರ್, 1905ರಲ್ಲಿ ಪೇಟೆಂಟ್ ತೆಗೊಂಡದ್ದು. ಅವನು ಮಾಡಿದ್ದು ಕಾರಿಗಲ್ಲ, ಹಡಗಿಗೆ. ಹಡಗಿಗಾದರೆ ತಣಿಸಲಿಕ್ಕೆ ನೀರಿನ ಬರವಿಲ್ಲ. ತಡಿ, ಒಂದು ಲೆಕ್ಕ ಮಾಡುವಾ. ಪೆನ್ನು ಕೊಡು. ಜನ, ಸಾಮಾನು ಸೇರಿ ಕಾರು 1,600 ಕಿಲೋ. ತಿರುವಿನ ಹತ್ತಿರದ ಏರು ನೂರಕ್ಕೆ ಹತ್ತು ಅಂತ ಇಟ್ಟುಕೊ. ಸೆಕೆಂಡಿಗೆ ಏಳು ಮೀಟರ್. ಚಕ್ರಕ್ಕೆ ಬೇಕಾದದ್ದು ಹನ್ನೊಂದು, ರಸ್ತೆಯ ಘರ್ಷಣೆ ಸೇರಿದರೆ ಹನ್ನೆರಡು ಕಿಲೋವ್ಯಾಟ್. ನಿನ್ನ ಕನ್ವರ್ಟರ್ ಅಲ್ಲಿ ನೂರಕ್ಕೆ ಎಷ್ಟು ದಾಟಿಸ್ತದೆ?

ಮೆಕ್ಯಾನಿಕ್: ಎಪ್ಪತ್ತು ಅಂತ ಹಾಕಿ.

ಮಾಷ್ಟ್ರು: ಹಾಗಾದರೆ ಇಂಜಿನ್ ಕೊಟ್ಟದ್ದು ಹದಿನೇಳು, ಚಕ್ರಕ್ಕೆ ಹೋದದ್ದು ಹನ್ನೆರಡು. ಐದು ಕಿಲೋವ್ಯಾಟ್ ಎಣ್ಣೆಯಲ್ಲಿ ಉಳೀತು. ನಮ್ಮ ಬಚ್ಚಲಿನ ಗೀಸರ್ ಎರಡು ಕಿಲೋವ್ಯಾಟಿನದ್ದು. ಅಂದರೆ ಎರಡೂವರೆ ಗೀಸರನ್ನು ಆರು ಲೀಟರ್ ಎಣ್ಣೆಗೆ ಮುಳುಗಿಸಿ ಸ್ವಿಚ್ ಹಾಕಿದ ಹಾಗೆ! ಗೇರ್ ಬಾಕ್ಸಿನ ಲೋಹ ಒಂದಿಷ್ಟು ಕುಡಿದುಕೊಂಡರೂ, ಹೊರಗೆ ಸಾಗಿಸುವ ದಾರಿ ಇಲ್ಲದಿದ್ದರೆ ನಿಮಿಷಕ್ಕೆ ಐದಾರು ಡಿಗ್ರಿ ಏರ್ತದೆ.

ಮೆಕ್ಯಾನಿಕ್: ಅದು ಚಲಿಸ್ತಾ ಇರುವಾಗಿನ ಲೆಕ್ಕ. ಏರಿನಲ್ಲಿ ಬ್ರೇಕ್ ಹಿಡಿಯದೆ, ಆಕ್ಸಿಲರೇಟರಿನಲ್ಲೇ ಕಾರನ್ನು ನಿಲ್ಲಿಸಿ ಹಿಡೀತಾರಲ್ಲ? ಆಗ ನಿಮ್ಮ ಎಪ್ಪತ್ತು ಸೊನ್ನೆ ಆಗ್ತದೆ. ಇಂಜಿನ್ ಕೊಟ್ಟದ್ದು ಪೂರಾ ಬಿಸಿ. ನಾವು ಗ್ಯಾರೇಜಿನಲ್ಲಿ ಸ್ಟಾಲ್ ಟೆಸ್ಟ್ ಅಂತ ಮಾಡುದುಂಟು. ಬ್ರೇಕ್ ಒತ್ತಿ, ಆಕ್ಸಿಲರೇಟರ್ ಪೂರಾ ಕೊಟ್ಟು ನೋಡುದು. ಐದು ಸೆಕೆಂಡಿಗಿಂತ ಹೆಚ್ಚು ಮಾಡಬಾರದು ಅಂತ ಮ್ಯಾನುವಲಿನಲ್ಲೇ ಬರೆದಿರ್ತದೆ. ಅಮ್ಮ ಟೆಂಪೋದ ಹಿಂದೆ ಹೇಗೆ ನಿಲ್ಲಿಸ್ತಿದ್ರು?

ಮಾಷ್ಟ್ರು: ...ಅದನ್ನು ಅವಳ ಹತ್ತಿರ ನಾನು ಕೇಳುವುದಿಲ್ಲ. ನೀನೂ ಕೇಳಬೇಡ.

ಮೆಕ್ಯಾನಿಕ್: ಕೇಳುದಿಲ್ಲ. ತಪ್ಪು ಅವರದ್ದೂ ಅಲ್ಲ. ಶಾರ್ಜಾದಲ್ಲಿ ಶುಕ್ರವಾರ ರಜೆ, ಸಂಸಾರ ಸಮೇತ ಮರಳಿಗೆ ಹೋಗ್ತಿದ್ರು. ಶನಿವಾರ ಬೆಳಿಗ್ಗೆ ನಮ್ಮ ಶೆಟರ್ ಎದುರು ಸಾಲು. ಮರಳಲ್ಲಿ ಚಕ್ರ ಹೂತದ್ದು, ಇವರು ಆಕ್ಸಿಲರೇಟರ್ ಒತ್ತಿದ್ದು, ಕನ್ವರ್ಟರ್ ಕುದಿದದ್ದು. ಅಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ರು. 80 ಡಿಗ್ರಿಯ ಹತ್ತಿರ ಇಟ್ಟರೆ ಎಣ್ಣೆ ಒಂದೂವರೆ ಲಕ್ಷ ಕಿಲೋಮೀಟರ್ ಬಾಳ್ತದೆ, ಅಲ್ಲಿಂದ ಮೇಲೆ ಪ್ರತಿ ಹನ್ನೊಂದು ಡಿಗ್ರಿಗೆ ಆಯುಷ್ಯ ಅರ್ಧ ಅಂತ. 115 ದಾಟಿದ್ರೆ ಒಳಗೆ ವಾರ್ನಿಷಿನ ಹಾಗೆ ಹಿಡೀಲಿಕ್ಕೆ ಸುರು. 130ರ ಹತ್ತಿರ ರಬ್ಬರ್ ಸೀಲ್ ಗಟ್ಟಿ ಆಗ್ತದೆ. 150ಕ್ಕೆ ಪ್ಲೇಟ್ ಜಾರ್ತದೆ. ಅಂದಾಜಿನ ಲೆಕ್ಕ, ಆದರೆ ಬಿಚ್ಚಿ ನೋಡಿದಾಗ ಹಾಗೆಯೇ ಸಿಕ್ತಿತ್ತು.

ಮಾಷ್ಟ್ರು: ಹನ್ನೊಂದಕ್ಕೆ ಅರ್ಧವಾ? ಇದು ಅರ್ಹೇನಿಯಸ್ಸನ ನಿಯಮವೇ ಮಾರಾಯ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿ ಅಂತ ನಿಮಗೆ ಕಲಿಸಿದ್ದೆ.

ಮೆಕ್ಯಾನಿಕ್: ಆ ದಿವಸ ನಾನು ಬಂದಿರಲಿಕ್ಕಿಲ್ಲ.

ಮಾಷ್ಟ್ರು: ಒಂದು ಸಂಶಯ. ಜಾರುವುದರಿಂದ ಬಿಸಿ, ಬಿಸಿಯಿಂದ ಎಣ್ಣೆ ಹಾಳು. ಎಣ್ಣೆ ಹಾಳಾದರೆ ಹಿಡಿತ ತಪ್ಪಿ ಮತ್ತೆ ಜಾರುವುದು. ಹಾಗಾದರೆ ಇದಕ್ಕೆ ಕೊನೆ ಇಲ್ಲ, ತನ್ನನ್ನು ತಾನೇ ಸುಟ್ಟುಕೊಳ್ಳುವ ಯಂತ್ರ.

ಮೆಕ್ಯಾನಿಕ್: ಹೌದು, ಅದಕ್ಕೇ ಮೊದಲ ಅರ್ಧ ಘಾಟಿ ಸರಿ ಇದ್ದದ್ದು ಒಮ್ಮೆಲೇ ಕೆಟ್ಟದ್ದು. ಒಳಗೆ ನಾಲ್ಕೈದು ವರ್ಷದಿಂದ ನಡೀತಾ ಇತ್ತು. ಅಲ್ಲ, ಎಣ್ಣೆ ಬದಲಿಸಿದ್ದು ಯಾವಾಗ?

ಮಾಷ್ಟ್ರು: ಬದಲಿಸಿಯೇ ಇಲ್ಲ. ಸರ್ವಿಸಿನವರು ಹೇಳಿದ್ದು, ಇದು ಲೈಫ್‌ಟೈಮ್ ಎಣ್ಣೆ, ಮುಟ್ಟುವುದೇ ಬೇಡ ಅಂತ. ನಾನು ಕೇಳಿ ಬರೆಸಿಕೊಂಡದ್ದು.

ಮೆಕ್ಯಾನಿಕ್: ಯಾರ ಲೈಫ್ ಅಂತ ಕೇಳಿದ್ರಾ? ಜರ್ಮನಿಯ ಝಡ್‌ಎಫ್ ಅಂತ ಉಂಟು, ದೊಡ್ಡ ದೊಡ್ಡ ಕಾರು ಕಂಪನಿಗಳಿಗೆ ಗೇರ್ ಬಾಕ್ಸ್ ಮಾಡಿ ಕೊಡುವವರು. ಅದೇ ಗೇರ್ ಬಾಕ್ಸಿಗೆ ಕಾರಿನವರು ಲೈಫ್‌ಟೈಮ್ ಅಂತಾರೆ. ಮಾಡಿದ ಝಡ್‌ಎಫ್‌ನವರು 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಅಂತಾರೆ. ಯಾರ ಮಾತು ಕೇಳುದು? ನನ್ನ ಕೇಳಿದ್ರೆ, ಲೈಫ್‌ಟೈಮ್ ಅಂದ್ರೆ ವಾರಂಟಿ ಮುಗಿಯುವವರೆಗೆ. ಆಮೇಲೆ ಕೊಂಡವನ ಕರ್ಮ.

ಮಾಷ್ಟ್ರು: ಇದು ಅನ್ಯಾಯ ಅಲ್ವಾ?

ಮೆಕ್ಯಾನಿಕ್: ನಿಮ್ಮದಕ್ಕೆ ಕಡ್ಡಿಯಾದರೂ ಉಂಟು. ಹೊಸ ಕಾರುಗಳಲ್ಲಿ ಅದನ್ನೂ ತೆಗೆದಿದ್ದಾರೆ. ಲಿಫ್ಟಿಗೆ ಏರಿಸಿ, ಎಣ್ಣೆ ಇಂತಿಷ್ಟೇ ಡಿಗ್ರಿ ಇರುವಾಗ ಕೆಳಗಿನ ಬೋಲ್ಟ್ ಬಿಚ್ಚಿ ಮಟ್ಟ ನೋಡ್ಬೇಕು. ಮನೆಯಲ್ಲಿ ಯಾರು ನೋಡ್ತಾರೆ?

(ಇಲ್ಲಿ ಮಾಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬರೆಸಿಕೊಂಡ ಚೀಟಿ ಇನ್ನೂ ಅವರ ಫೈಲಿನಲ್ಲಿ ಇದ್ದಿರಬೇಕು.)

ಮಾಷ್ಟ್ರು: ಎಣ್ಣೆ ಅಂದರೆ ಎಣ್ಣೆ ಅಂತ ನಾನು ತಿಳಿದಿದ್ದೆ.

ಮೆಕ್ಯಾನಿಕ್: ಇದರ ಕೆಲಸ ನೋಡಿ ಮಾಷ್ಟ್ರೇ. ಬಲ ದಾಟಿಸ್ಬೇಕು, ವಾಲ್ವ್ ತಳ್ಳಬೇಕು, ಬೇರಿಂಗ್ ನೆನೆಸ್ಬೇಕು, ಬಿಸಿ ಹೊತ್ತುಕೊಂಡು ಹೋಗ್ಬೇಕು. ಎಲ್ಲಕ್ಕಿಂತ ಕಷ್ಟದ್ದು, ಪ್ಲೇಟ್ ಜಾರುವಾಗ ನಯವಾಗಿ ಜಾರಬೇಕು, ಕಚ್ಚುವಾಗ ಗಟ್ಟಿ ಕಚ್ಚಬೇಕು. ಅದಕ್ಕೇ ಹಿಂದಿನ ಕಾಲದಲ್ಲಿ ಇದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸ್ತಿದ್ರು.

ಮಾಷ್ಟ್ರು: ಏನು!

ಮೆಕ್ಯಾನಿಕ್: ನಮ್ಮ ಫೋರ್‌ಮನ್ ಹೇಳಿದ್ದು, ಆಮೇಲೆ ನಾನೂ ಓದಿದೆ. ಅಮೆರಿಕದ ಜನರಲ್ ಮೋಟರ್ಸ್ 1949ರಲ್ಲಿ ‘ಟೈಪ್ ಎ’ ಅಂತ ಎಣ್ಣೆ ತಂದಿತು. ಅದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ. ಬಿಸಿಗೆ ಅಷ್ಟು ಸುಲಭಕ್ಕೆ ಕೆಡುದಿಲ್ಲ, ಹಿಡಿತವೂ ಹದ. 1970ರ ದಶಕದ ಸುರುವಿಗೆ ತಿಮಿಂಗಿಲ ಕೊಲ್ಲುದು ಬೇಡ ಅಂತ ಅಮೆರಿಕದಲ್ಲಿ ಕಾನೂನು ಬಂತು. ಒಳ್ಳೇದೇ ಆಯ್ತು. ಆದರೆ ಬದಲಿಗೆ ಮಾಡಿದ ಹೊಸ ಎಣ್ಣೆ ರೇಡಿಯೇಟರಿನೊಳಗಿನ ಕೂಲರಿನ ಬೆಸುಗೆಯನ್ನೇ ತಿಂದುಬಿಟ್ಟಿತು. ಮತ್ತೆ ತಿದ್ದಿದ್ರು.

ಮಾಷ್ಟ್ರು: ಅಮೆರಿಕದಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಓಡಿಸುವುದು ಆಟೋಮ್ಯಾಟಿಕ್. ಅಲ್ಲಿ ಇಂಥದ್ದು ಆಗುವುದಿಲ್ಲವಾ?

ಮೆಕ್ಯಾನಿಕ್: ಆಗದೆ ಎಂತ. 1940ರ ಮಾಡೆಲಿನ ಓಲ್ಡ್ಸ್‌ಮೊಬೈಲಿನಿಂದ ಮಾಡ್ತಾ ಬಂದವರು, ಆದ್ರೂ ಎಡವಿದ್ದಾರೆ. ಹೋಂಡಾದವರದ್ದೇ 2004ರಲ್ಲಿ ಅಲ್ಲಿ ಸುಮಾರು 11 ಲಕ್ಷ ಗಾಡಿ ವಾಪಸ್ ಕರೆದದ್ದುಂಟು. ಒಡಿಸ್ಸಿ, ಪೈಲಟ್, ಅಕಾರ್ಡ್ ವಿ6, ಹೆಚ್ಚಿನದ್ದು ಸಂಸಾರದ ಗಾಡಿಗಳೇ. ಎರಡನೇ ಗೇರಿಗೆ ಸಾಕಷ್ಟು ಎಣ್ಣೆ ಬೀಳದೆ ಬಿಸಿಯಾಗಿ ಹಲ್ಲು ಮುರಿಯಬಹುದು, ಗೇರ್ ಬಾಕ್ಸ್ ಜಾಮ್ ಆಗಬಹುದು ಅಂತ. ಹೆಚ್ಚು ಓಡಿದ ಗಾಡಿಯಲ್ಲಿ ಮೊದಲು ಗೇರಿನ ಬಣ್ಣ ನೋಡ್ತಿದ್ರು. ಬಣ್ಣ ತಿರುಗಿದ್ರೆ ಗೇರ್ ಬಾಕ್ಸೇ ಬದಲು. ತಿರುಗದಿದ್ರೆ ಆ ಗೇರಿಗೆ ಎಣ್ಣೆ ಚಿಮ್ಮುವ ಸಣ್ಣ ಜೆಟ್. ನಿಮ್ಮ ಕಮ್ಮಾರನ ವಿದ್ಯೆಯೇ.

ಮಾಷ್ಟ್ರು: ಅವರು ತಪ್ಪು ಒಪ್ಪಿ ವಾಪಸ್ ಕರೆದರಲ್ಲ. ಕಂಪನಿ ಹಾಗಿರಬೇಕು.

ಮೆಕ್ಯಾನಿಕ್: ಅಲ್ಲಿ ಕರೆಯದಿದ್ರೆ ಸರ್ಕಾರ ಬಿಡುದಿಲ್ಲ. ಸರಿ, ಈಗ ನಿಮ್ಮ ರೇಡಿಯೇಟರ್ ನೋಡುವಾ. ಮುಚ್ಚಳ ತೆಗೀತೇನೆ, ಹಿಂದೆ ನಿಲ್ಲಿ. ಹೋ, ಇದೆಂತ ಮಾಷ್ಟ್ರೇ, ಕೆಂಪು ಮಣ್ಣು ಕಲಸಿದ ಹಾಗುಂಟು! ಇದಕ್ಕೆ ನೀರು ಹಾಕಿದ್ದು ಯಾರು?

ಮಾಷ್ಟ್ರು: ಪೆಟ್ರೋಲ್ ಬಂಕಿನ ಹುಡುಗ ಹಾಕ್ತಾನೆ. ಕೆಲವು ಸಲ ಮನೆಯ ಬಾವಿಯದ್ದೂ ಹಾಕಿದ್ದುಂಟು. ನಮ್ಮ ಬಾವಿ ಬೇಸಿಗೆಯಲ್ಲಿ ಸ್ವಲ್ಪ ಉಪ್ಪು.

ಮೆಕ್ಯಾನಿಕ್: ಸಿಕ್ತು ನೋಡಿ! ನಿಮ್ಮ ಗೇರ್ ಬಾಕ್ಸಿನ ಎಣ್ಣೆ ತಣಿಯುದು ಎಲ್ಲಿ? ಈ ರೇಡಿಯೇಟರಿನ ಕೆಳಗಿನ ಟ್ಯಾಂಕಿಯೊಳಗೆ ಒಂದು ಕೊಳವೆ ಉಂಟು, ಅದರಲ್ಲಿ. ಹೊರಗೆ ನೀರು, ಒಳಗೆ ಎಣ್ಣೆ. ಉಪ್ಪುನೀರಿಗೆ ತುಕ್ಕು ಹಿಡಿದು ಕೊಳವೆಯ ಮೇಲೆ ದಪ್ಪ ಪೊರೆ ಕಟ್ಟಿದೆ. ಬಿಸಿ ದಾಟಬೇಕಾದ ಬಾಗಿಲಿಗೇ ಗೋಡೆ ಎದ್ದ ಮೇಲೆ ನಿಮ್ಮ ಎರಡೂವರೆ ಗೀಸರ್ ಎಲ್ಲಿಗೆ ಹೋಗ್ಬೇಕು? ನಿಮ್ಮ ಪುಣ್ಯಕ್ಕೆ ಕೊಳವೆ ತೂತಾಗಲಿಲ್ಲ. ಆಗಿದ್ರೆ ಕೂಲಂಟ್ ಎಣ್ಣೆಗೆ ಸೇರಿ ಗುಲಾಬಿ ಹಾಲಿನ ಹಾಗೆ ಬರ್ತಿತ್ತು. ಅದು ಲೈನಿಂಗಿನ ಅಂಟನ್ನೇ ಬಿಡಿಸ್ತದೆ. ಮತ್ತೆ ಗುಜರಿಯೇ.

ಮಾಷ್ಟ್ರು: ಇಷ್ಟೆಲ್ಲ ತಿಳಿದುಕೊಂಡು ಓಡಿಸುವುದಾದರೆ ನನಗೆ ಹಳೆಯ ಕ್ಲಚ್ಚಿನ ಕಾರೇ ಸಾಕಿತ್ತು. ಇದನ್ನು ತೆಗೆದದ್ದು ಇವಳ ಎಡಗಾಲಿನ ಮೊಣಗಂಟಿಗೆ. ಹಣ ಹೆಚ್ಚು ಕೊಟ್ಟದ್ದು ಏನೂ ಯೋಚನೆ ಬೇಡ ಅಂತ. ಫ್ರಿಜ್ ಕೊಂಡವನು ಕಂಪ್ರೆಸರ್ ಶಾಸ್ತ್ರ ಓದಬೇಕಾ?

ಮೆಕ್ಯಾನಿಕ್: ಫ್ರಿಜ್ಜನ್ನು ಯಾರೂ ಆಗುಂಬೆ ಹತ್ತಿಸುದಿಲ್ಲ. ನಾನು ಹೇಳುದು ಇಷ್ಟೇ. ಕ್ಲಚ್ಚಿನ ಕಾರಿನಲ್ಲೂ ಜಾರ್ತದೆ, ಬಿಸಿ ಆಗ್ತದೆ. ಆದರೆ ಅದು ಕಾಲಿಗೆ ಗೊತ್ತಾಗ್ತದೆ, ಮೂಗಿಗೆ ಗೊತ್ತಾಗ್ತದೆ. ಇಲ್ಲಿ ಪೆಡಲ್ ತೆಗೆದ್ರು, ಜಾರುವುದು ಮಾತ್ರ ಉಳೀತು. ಕಾಲಿನ ಬದಲಿಗೆ ಕಣ್ಣಿಗೆ ಒಂದು ಮೀಟರ್ ಕೊಡ್ಬೇಕಿತ್ತು. ಒಳಗೆ ಟೆಂಪರೇಚರ್ ಸೆನ್ಸರ್ ಹೆಚ್ಚಿನದ್ದಕ್ಕೆ ಇದ್ದೇ ಉಂಟು, ಕಂಪ್ಯೂಟರಿಗೆ ಗೊತ್ತಾಗ್ತದೆ. ಸ್ಕ್ಯಾನರ್ ಹಾಕಿದ್ರೆ ನನಗೂ ಗೊತ್ತಾಗ್ತದೆ. ಓಡಿಸುವ ಅಮ್ಮನಿಗೆ ಮಾತ್ರ ಗೊತ್ತಾಗುದಿಲ್ಲ.

ಮಾಷ್ಟ್ರು: ಅದನ್ನೇ ನಾನು ಹೇಳುವುದು, ತಪ್ಪು ಅವರದ್ದು ಅಂತ.

ಮೆಕ್ಯಾನಿಕ್: ತಪ್ಪು ಅವರದ್ದು, ಬಿಲ್ ನಿಮ್ಮದು. ಅದಕ್ಕೇ ನೀವು ಸ್ವಲ್ಪ ತಿಳ್ಕೊಳ್ಬೇಕು ಅಂತ ನಾನು ಹೇಳುದು.

ಮಾಷ್ಟ್ರು: ಹಾಗಾದರೆ ಮೊನ್ನೆ ಎಂತ ಮಾಡಬೇಕಿತ್ತು, ಹೇಳು.

ಮೆಕ್ಯಾನಿಕ್: ಸೋಮೇಶ್ವರದಲ್ಲೇ ಗೇರನ್ನು ‘ಡಿ’ಯಿಂದ ‘2’ಕ್ಕೆ ಎಳೀಬೇಕಿತ್ತು. ‘ಡಿ’ಯಲ್ಲಿ ಬಿಟ್ಟರೆ ಅದು ಎರಡು, ಮೂರು, ಮತ್ತೆ ಎರಡು ಅಂತ ಹುಡುಕ್ತಾ ಇರ್ತದೆ, ಪ್ರತಿ ಸಲ ಪ್ಲೇಟ್ ಉಜ್ಜುದು. ಟೆಂಪೋಗೆ ಜಾಗ ಬಿಟ್ಟು, ಅದು ಒಂದು ತಿರುವು ದಾಟಿದ ಮೇಲೆ ಹೋಗ್ಬೇಕಿತ್ತು. ನಿಂತಾಗ ಕಾಲು ಬ್ರೇಕಿನಲ್ಲಿ. ವಾಸನೆ ಬಂದ ಕೂಡ್ಲೆ ಬದಿಗೆ ನಿಲ್ಲಿಸಿ, ‘ಪಿ’ಗೆ ಹಾಕಿ, ಏಸಿ ಬಂದ್ ಮಾಡಿ ಇಂಜಿನ್ ಚಾಲೂ ಬಿಡ್ಬೇಕು. ಇಂಜಿನ್ ತಿರುಗಿದ್ರೆ ಪಂಪ್ ತಿರುಗ್ತದೆ, ಎಣ್ಣೆ ಕೂಲರಿಗೆ ಹೋಗಿ ಬರ್ತದೆ. ನೀವು ಎಂತ ಮಾಡಿದ್ದು?

ಮಾಷ್ಟ್ರು: ಇಂಜಿನ್ ಬಂದ್ ಮಾಡಿದೆವು. ತಣಿಯಲಿ ಅಂತ.

ಮೆಕ್ಯಾನಿಕ್: ಎಲ್ಲರೂ ಅದನ್ನೇ ಮಾಡುದು.

ಮಾಷ್ಟ್ರು: ಈಗ ಎಣ್ಣೆ ಬದಲಿಸಿದರೆ ಸಾಕಾ? ಎಷ್ಟಾಗ್ತದೆ?

ಮೆಕ್ಯಾನಿಕ್: ಸುಳ್ಳು ಹೇಳಿ ಎಣ್ಣೆ ಬದಲಿಸಿ ಕೊಡಬಹುದು. ಒಂದು ವಾರ ಓಡ್ತದೆ. ಮತ್ತೆ ನೀವು ಊರೆಲ್ಲ ಹೇಳ್ತೀರಿ, ಹೊಸ ಎಣ್ಣೆ ಹಾಕಿದ್ದಕ್ಕೇ ಕೆಟ್ಟದ್ದು ಅಂತ. ಎಷ್ಟು ಜನ ಹೇಳುದನ್ನು ಕೇಳಿದ್ದೇನೆ! ಲೈನಿಂಗ್ ಹೋದ ಮೇಲೆ ಎಣ್ಣೆ ಎಂತ ಮಾಡ್ತದೆ? ಗೇರ್ ಬಾಕ್ಸ್ ಇಳಿಸ್ಬೇಕು. ಪ್ಲೇಟ್, ಸೀಲ್ ಪೂರಾ ಹೊಸದು, ವಾಲ್ವ್ ಬಾಡಿ ಬಿಚ್ಚಿ ತೊಳೀಬೇಕು, ಕನ್ವರ್ಟರನ್ನು ಸೀಳಿ ಒಳಗೆ ಕ್ಲೀನ್ ಮಾಡಿ ಮತ್ತೆ ವೆಲ್ಡ್ ಮಾಡ್ಬೇಕು. ರೇಡಿಯೇಟರ್ ಹೊಸದು, ಜೊತೆಗೆ ಮುಂದೆ ಗಾಳಿಗೆ ಒಂದು ಬೇರೆಯೇ ಆಯಿಲ್ ಕೂಲರ್. ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಹೋಗ್ತದೆ.

ಮಾಷ್ಟ್ರು: ಕಾರಿಗೇ ಈಗ ಎರಡು ಲಕ್ಷ ಸಿಕ್ಕಿದರೆ ಹೆಚ್ಚು. ಹೀಗೇ ಮಾರಿಬಿಟ್ಟರೆ? ಸಮತಟ್ಟಿನಲ್ಲಿ ಓಡಿಸಿ ತೋರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಮೆಕ್ಯಾನಿಕ್: ಮಾಷ್ಟ್ರೇ! ನೀವಾ ಹೇಳುದು?

ಮಾಷ್ಟ್ರು: ಕೇಳಿದ್ದು ಮಾರಾಯ, ಬರೀ ಕೇಳಿದ್ದು. ಈಗಿನ ಸಣ್ಣ ಕಾರುಗಳಲ್ಲಿ ಆಟೋಮ್ಯಾಟಿಕ್ ಅಂತ ಕಡಿಮೆ ಕ್ರಯಕ್ಕೆ ಬರ್ತದಲ್ಲ, ಅದನ್ನು ತೆಗೊಂಡರೆ?

ಮೆಕ್ಯಾನಿಕ್: ಅದು ಬೇರೆ ಜಾತಿ, ಎಎಂಟಿ. ನಮ್ಮ ದೇಶದಲ್ಲಿ 2014ರ ಸೆಲೆರಿಯೊದಿಂದ ಸುರುವಾದದ್ದು. ಒಳಗೆ ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ಒತ್ತುವ ಕೆಲಸ ಮೋಟರ್ ಮಾಡ್ತದೆ. ಕನ್ವರ್ಟರ್ ಇಲ್ಲ, ಎಣ್ಣೆ ಕುದಿಯುದಿಲ್ಲ, ರಿಪೇರಿಯೂ ಅಗ್ಗ. ಆದರೆ ಏರಿನಲ್ಲಿ ಆಕ್ಸಿಲರೇಟರಿನಲ್ಲಿ ಹಿಡಿದು ನಿಂತರೆ ಕ್ಲಚ್ ಸುಟ್ಟುಕೊಳ್ತದೆ. ಅಮ್ಮ ಟೆಂಪೋದ ಹಿಂದೆ ನಿಂತ ಹಾಗೆ ಅದರಲ್ಲೂ ನಿಂತರೆ...

ಮಾಷ್ಟ್ರು: ಆಯ್ತು, ಆಯ್ತು. ಅವಳಿಗೆ ಈ ಕಾರೇ ಇಷ್ಟ. ಇದರ ಸೀಟು ಎತ್ತರ ಉಂಟು, ಮೊಣಗಂಟು ಮಡಚದೆ ಇಳಿಯಲಿಕ್ಕೆ ಆಗ್ತದೆ. ಗೇರ್ ಬಾಕ್ಸ್ ಇಳಿಸು. ಹಾಕುವ ಎಣ್ಣೆ ಯಾವುದು ಅಂತ ಡಬ್ಬದ ಮೇಲಿನದ್ದನ್ನು ನನಗೆ ತೋರಿಸಬೇಕು, ಪುಸ್ತಕದಲ್ಲಿ ಇದ್ದದ್ದೇ ಆಗಬೇಕು. ಮತ್ತೆ ಎಷ್ಟು ಕಿಲೋಮೀಟರಿಗೆ ಬದಲಿಸುವುದು ಅಂತ ಬರೆದು ಕೊಡು.

ಮೆಕ್ಯಾನಿಕ್: 40,000ಕ್ಕೆ. ನಮ್ಮ ಘಾಟಿ, ನಮ್ಮ ಸೆಕೆ ನೋಡಿ ಹೇಳುದು. ಬರೆದು ಕೊಡ್ತೇನೆ, ಸಹಿ ಹಾಕಿ ಕೊಡ್ತೇನೆ.

ಮಾಷ್ಟ್ರು: ಬಿಚ್ಚುವ ದಿವಸ ಫೋನ್ ಮಾಡು. ಆ ರೆಕ್ಕೆ ಚಕ್ರ ನಾನು ನೋಡಬೇಕು.

ಮೆಕ್ಯಾನಿಕ್: ಬನ್ನಿ. ಬಿಳಿ ಪಂಚೆ ಉಟ್ಟುಕೊಂಡು ಮಾತ್ರ ಬರಬೇಡಿ.